ಅಡುಗೆಮನೆ ಕಡೆಯ ಬಾಳೆ

ಜುಲೈ ೨೯

ಕೆಮಿಲೆಂಬೆ ಬೆಳಿಗ್ಗೆ ಅಣ್ಣನ ಮನೆಗೆ ಹೋದಳು. ಕಾರಣ ಸಗಣಿ.

ಬರೆದ ಮೇಲೆ ಇದು ಇನ್ನೂ ಸಣ್ಣದಾಗಿ ಕಾಣುತ್ತಿದೆ. ಐವತ್ತು ದಾಟಿದ ಗಂಡ, ಐವತ್ತರ ಹತ್ತಿರದ ಹೆಂಡತಿ, ಮ್ವಾಂಜಾದಲ್ಲಿ ಸಂಸಾರ ಮಾಡಿಕೊಂಡಿರುವ ಮಗಳು ಈಡಿತ, ಒಂದು ಹಸು, ಕೊಟ್ಟಿಗೆಯ ಹಿಂದೆ ಒಂದು ಗುಡ್ಡೆ ಸಗಣಿ. ಮಳೆಯಿಲ್ಲದ ಇಷ್ಟು ತಿಂಗಳೂ ಅವಳು ಆ ಗುಡ್ಡೆಗೆ ಬಿಸಿಲು ತಾಗದಂತೆ ಬಾಳೆಲೆ ಮುಚ್ಚಿ ಕಾಪಾಡಿದ್ದಳು. ಮಳೆ ಹಿಡಿಯುವ ಮೊದಲು ಅದನ್ನು ಅಡುಗೆಮನೆ ಕಡೆಯ ಬಾಳೆಗೆ ಹಾಕಬೇಕೆಂದಿದ್ದಳು. ನಾವು ದಿನಾ ಬೇಯಿಸಿ ತಿನ್ನುವ ಬಾಳೆ ಅದು. ಕೆಲವು ವರ್ಷಗಳಿಂದ ಗೊನೆ ಚಿಕ್ಕದಾಗುತ್ತಲೇ ಇದೆ.

ನನಗೆ ಬೇರೆ ಯೋಚನೆಯಿತ್ತು. ರಸ್ತೆ ಕಡೆಗಿರುವುದು ಹೆಂಡದ ಬಾಳೆ, ಹಣ್ಣು ಹಿಂಡಿ ಹುಳಿಸಿ ಹೆಂಡ ಮಾಡುವ ಜಾತಿ. ಡಿಸೆಂಬರಿನಲ್ಲಿ ತಮ್ಮನ ಮಗನ ಮದುವೆ, ಹೆಂಡ ನನ್ನ ತೋಟದ್ದೇ ಎಂದು ನೆಂಟರ ಎದುರು ಮಾತು ಕೊಟ್ಟುಬಿಟ್ಟಿದ್ದೆ. ಕೆಮಿಲೆಂಬೆ ಇಗರ್ಜಿಗೆ ಹೋಗಿದ್ದಾಗ ಇಬ್ಬರು ಆಳುಗಳನ್ನು ಹಿಡಿದು ಗುಡ್ಡೆಯನ್ನು ಪೂರ್ತಿ ರಸ್ತೆ ಕಡೆಗೆ ಸಾಗಿಸಿದೆ. ಹೆಂಡದ ಬಾಳೆ ಗಂಡಸಿನದು, ಊಟದ ಬಾಳೆ ಹೆಂಗಸಿನದು ಎಂದು ನಮ್ಮಲ್ಲಿ ಅಜ್ಜಂದಿರ ಕಾಲದಿಂದ ಗೊತ್ತಿದೆ. ಸಗಣಿ ಯಾರದೆಂದು ಯಾರೂ ಹೇಳಿಟ್ಟಿಲ್ಲ.

ಇಗರ್ಜಿಯಿಂದ ಬಂದವಳು ಖಾಲಿ ಜಾಗದ ಮುಂದೆ ನಿಂತಳು. ಒಳ್ಳೆ ಬಟ್ಟೆಯಲ್ಲಿದ್ದಳು.

"ಎಲ್ಲಿ ಹೋಯ್ತು?"

"ರಸ್ತೆ ಕಡೆಗೆ ಹಾಕಿಸಿದೆ."

"ಆ ಹಸುವಿಗೆ ಹುಲ್ಲು ಹೊತ್ತದ್ದು ನನ್ನ ತಲೆ," ಎಂದಳು. ಬೈಯಲಿಲ್ಲ. ಆಮೇಲೆ ಮೂರು ದಿನ ಮಾತಿಲ್ಲ. ಇಂದು ಬಟ್ಟೆಯ ಗಂಟಿನ ಜೊತೆ ತನ್ನ ಗುದ್ದಲಿಯನ್ನೂ ಹೆಗಲಿಗೇರಿಸಿಕೊಂಡಳು. ಬರೀ ಬಟ್ಟೆ ತೆಗೆದುಕೊಂಡು ಹೋದ ಹೆಂಗಸು ವಾರಕ್ಕೆ ಬರುತ್ತಾಳೆ. ಗುದ್ದಲಿಯೂ ಹೋದರೆ ಅದರ ಅರ್ಥ ಬೇರೆ ಎನ್ನುತ್ತಾರೆ.

ಕಾಳು ಬಿತ್ತುವ ಹೊತ್ತಿಗೆ ಬಂದಾಳು.

ಜುಲೈ ೩೧

ಹಸುವಿನ ನೆನಪೇ ಇರಲಿಲ್ಲ. ನಿನ್ನೆ ಸಂಜೆ ಅದು ಕೂಗಿತು, ಇವತ್ತೂ ಕೂಗಿತು. ಬಿಹೋಗೊ ಎಂದು ಹೆಸರು, ಕೆಂದು ಬಣ್ಣ. ಕರುವಾಗಿದ್ದಾಗಿನಿಂದ ಅವಳ ಕೈಯಲ್ಲೇ ಬೆಳೆದದ್ದು. ನಾನು ಇಪ್ಪತ್ತಾರು ವರ್ಷ ಬುಕೋಬದಲ್ಲಿ ಕಾಫಿ ಬೀಜ ವಿಂಗಡಿಸುವ ಕೆಲಸದಲ್ಲಿದ್ದು, ತಿಂಗಳಿಗೊಮ್ಮೆ ಮನೆಗೆ ಬರುತ್ತಿದ್ದವನು. ಹಸು ನನ್ನನ್ನು ನೆಂಟನೆಂದು ತಿಳಿದಿರಬೇಕು.

ಬಾಳೆದಿಂಡು ಕತ್ತರಿಸಿ ಹಾಕಿದೆ. ಮೂಸಿ ನೋಡಿ ಮುಖ ತಿರುಗಿಸಿತು.

ಆಗಸ್ಟ್ ೪

ಫೋನ್ ಮಾಡಿದೆ. ಅವಳ ಅಣ್ಣ ಕಲೋಕೋಲ ಎತ್ತಿದ.

"ಅವಳು ಹೊಲದಲ್ಲಿದ್ದಾಳೆ ಭಾವ."

"ಬೆಳಿಗ್ಗೆಯೂ ಹೊಲದಲ್ಲೇ ಇದ್ದಾಳೆ ಅಂದಿದ್ದೆಯಲ್ಲ."

"ಹೌದು, ನಮ್ಮ ಹೊಲ ದೊಡ್ಡದು." ಆಮೇಲೆ, "ಇದೆಲ್ಲ ಫೋನಲ್ಲಿ ಆಗೋ ಮಾತಲ್ಲ. ಒಂದು ಒಳ್ಳೆ ಗೊನೆ ಹೊತ್ಕೊಂಡು ಬಾ. ಹಿರಿಯರ ಮುಂದೆ ಕೂತು, ಕರ್ಕೊಂಡು ಹೋಗ್ತೀನಿ ಅಂತ ಬಾಯಿಬಿಟ್ಟು ಕೇಳು. ನಿಮ್ಮಪ್ಪ ಕೇಳಿರಲಿಲ್ವಾ? ನಮ್ಮಪ್ಪ ಎರಡು ಸಲ ಕೇಳಿದ್ದ."

ನಾನೇಕೆ ಕೇಳಬೇಕು? ನನ್ನ ತೋಟದಲ್ಲಿ ನನ್ನ ಹಸುವಿನ ಸಗಣಿಯನ್ನು ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಸಾಗಿಸಿದೆ. ಅಷ್ಟೇ.

ಆಗಸ್ಟ್ ೯

ಹಸು ಹಾಲು ಬಿಡುತ್ತಿಲ್ಲ. ಕೆಚ್ಚಲು ತುಂಬಿದೆ, ನಾನು ಕೈ ಹಾಕಿದರೆ ಬಿಗಿ ಹಿಡಿಯುತ್ತದೆ. ಪಕ್ಕದ ತೋಟದ ಮುದುಕಿ, ಮಾ ಪಸ್ಕಾಜಿಯ, ಬೇಲಿಯಾಚೆ ನಿಂತು ನೋಡುತ್ತಿದ್ದಳು. ಎಪ್ಪತ್ತು ದಾಟಿದ ವಿಧವೆ, ನಾನು ಬೆತ್ತಲೆ ಓಡಾಡಿದ ಕಾಲದಿಂದ ನನ್ನನ್ನು ಬಲ್ಲವಳು. ಹಾಗಾಗಿ ಮರ್ಯಾದೆ ಕೊಡುವ ಅಗತ್ಯ ಅವಳಿಗಿಲ್ಲ.

"ಕೆಚ್ಚಲು ಅದು. ಕಾಫಿ ಮೂಟೆ ಹಿಡಿದ ಹಾಗೆ ಹಿಡೀಬೇಡ."

"ಮತ್ತೇನು ಮಾಡಲಿ ಮಾ?"

"ಅದಕ್ಕೆ ಅವಳ ವಾಸನೆ ಬೇಕು. ಅವಳ ಹಳೇ ಬಟ್ಟೆ ಏನಾದ್ರೂ ಬಿಟ್ಟು ಹೋಗಿದ್ರೆ ಹೊದ್ಕೋ."

ಬಾಗಿಲ ಹಿಂದೆ ಅವಳು ಮೈಗೆ ಸುತ್ತಿಕೊಳ್ಳುವ ಹಳದಿ ಕಾಂಗಾ ನೇತಾಡುತ್ತಿತ್ತು. ಸುತ್ತ ಯಾರೂ ಇಲ್ಲದ್ದನ್ನು ನೋಡಿಕೊಂಡು ಹೆಗಲಿಗೆ ಹಾಕಿದೆ. ಹಸು ಒಂದು ಸಲ ತಿರುಗಿ ನೋಡಿ, ಉಸಿರು ಬಿಟ್ಟು, ಹಾಲು ಬಿಟ್ಟಿತು. ಪ್ರಾಣಿಗಳನ್ನು ಮೋಸಗೊಳಿಸುವುದು ಎಷ್ಟು ಸುಲಭ.

ಕಾಂಗಾದಲ್ಲಿ ಹೊಗೆಯ ವಾಸನೆ, ಸೋಪಿನದೂ.

ಆಗಸ್ಟ್ ೧೭

ದಿಂಡು ಮತ್ತು ಸಿಪ್ಪೆ ಸಾಲದು, ಹಸುವಿಗೆ ಹುಲ್ಲು ಬೇಕು. ತೋಟದಾಚೆಯ ಬೋಳುಗುಡ್ಡದಿಂದ ಹುಲ್ಲು ಕೊಯ್ದು ತರುವುದು ಹೆಂಗಸರ ಕೆಲಸ. ಆಳಿಗೆ ಹೇಳಿದೆ. "ಹುಲ್ಲು ಹೊರೋಕಾ? ನಾನಾ?" ಎಂದು ನಕ್ಕು ಹೋದ.

ಬಿಸಿಲೇರಿದ ಮೇಲೆ, ಗುಡ್ಡದಲ್ಲಿ ಯಾರೂ ಇರುವುದಿಲ್ಲವೆಂದು, ನಾನೇ ಹೋದೆ. ಹೊರೆ ಕಟ್ಟುವುದು ನೋಡಿದಷ್ಟು ಸುಲಭವಲ್ಲ. ತಲೆಯ ಮೇಲಿಟ್ಟರೆ ಮುಂದೆ ಜಾರುತ್ತದೆ, ಬೆನ್ನಿಗೆ ಹಾಕಿದರೆ ಹಿಂದೆ ಎಳೆಯುತ್ತದೆ. ಇಳಿಜಾರಿನಲ್ಲಿ ಸೈಕಲ್ಲಿನ ಮೇಲೆ ಇಬ್ಬರು ಬಂದರು. ಹೆಂಡದಂಗಡಿಯಲ್ಲಿ ದಿನಾ ಪಕ್ಕದಲ್ಲಿ ಕೂರುವವರೇ.

"ಏನು ಈಡಿತಳ ಅಮ್ಮ, ಯಾವಾಗಿಂದ ಗಡ್ಡ ಬಿಟ್ಟೆ?"

ಇನ್ನೊಬ್ಬ ಬ್ರೇಕ್ ಹಿಡಿದು ನಿಂತು, "ಸುಮ್ನಿರೋ, ಪಾಪ. ಗಂಡ ಕುಡುಕ, ಮನೆ ಕೆಲಸ ಎಲ್ಲ ಇವಳೇ ನೋಡ್ಕೋಬೇಕು," ಎಂದ.

ನಾನೂ ನಕ್ಕೆ. ನಕ್ಕಾಗ ಹೊರೆ ಬಿತ್ತು.

ಹಸು ಎಲ್ಲವನ್ನೂ ತಿಂದಿತು. ತಿನ್ನುವ ಸದ್ದನ್ನು ಬಹಳ ಹೊತ್ತು ಕೇಳುತ್ತ ಕೂತಿದ್ದೆ. ಬೇರೆ ಕೆಲಸವೇನೂ ಇರಲಿಲ್ಲ.

ಆಗಸ್ಟ್ ೩೦

ಹುಲ್ಲು. ಮತ್ತೆ ಹುಲ್ಲು. ಸೊಂಟ ಹಿಡಿದಿದೆ. ಹೆಂಡದಂಗಡಿಗೆ ಹೋಗಿ ಹತ್ತು ದಿನವಾಯಿತು. ಅವರ ತಮಾಷೆಗೆ ಹೆದರಿ ಅಲ್ಲ. ಸಂಜೆಯೆಂದರೆ ಹಾಲು ಕರೆಯುವ ಹೊತ್ತು.

ಸೆಪ್ಟೆಂಬರ್ ೬

ಕೊಟ್ಟಿಗೆಯ ಹಿಂದೆ ಮತ್ತೆ ಗುಡ್ಡೆ ಬೆಳೆದಿದೆ. ಇಂದು ಅಡುಗೆಮನೆ ಕಡೆಯ ಬಾಳೆಗೆ ಹಾಕಲು ಶುರು ಮಾಡಿದೆ. ಹತ್ತಿರ. ರಸ್ತೆಯವರೆಗೆ ಮಂಕರಿ ಹೊರುವ ಸೊಂಟ ನನಗಿಲ್ಲ.

ಮಾಡುವುದಾದರೆ ಸರಿಯಾಗಿ ಮಾಡಬೇಕು. ಕಾಫಿ ಗಿಡಕ್ಕೆ ಗೊಬ್ಬರ ಕೊಡುವಾಗ ಸುತ್ತ ಪಾತಿ ತೋಡಿ, ತುಂಬಿ, ಮಣ್ಣು ಮುಚ್ಚುತ್ತೇವೆ. ಕೆಮಿಲೆಂಬೆ ಬಾಳೆಗೆ ಹಾಗೆ ಮಾಡಿದ್ದನ್ನು ನಾನು ನೋಡಿಲ್ಲ. ಅಲ್ಲಲ್ಲಿ ಚೆಲ್ಲಿ ಮೇಲೆ ಹುಲ್ಲು ಹಾಸಿಬಿಡುತ್ತಿದ್ದಳು. ಕೋಳಿಗೆ ಕಾಳು ಹಾಕಿದ ಹಾಗೆ. ನಾನು ಒಂದೊಂದು ಬುಡದ ಸುತ್ತಲೂ ಮೊಣಕೈ ಆಳ ತೋಡಿದೆ, ದಿಂಡಿಗೆ ತಾಗುವಷ್ಟು ಹತ್ತಿರ, ಗೊಬ್ಬರದ ಸಾರ ಆಚೀಚೆ ಹೋಗದಿರಲೆಂದು. ಹಸಿ ಸಗಣಿಯನ್ನು ಒತ್ತಿ ತುಂಬಿದೆ.

ಅಡುಗೆಮನೆ ಬಾಗಿಲ ಎದುರಿನ ಬುಡ ಹೂವಿನ ಮೂತಿ ಬಿಟ್ಟಿದೆ. ನೇರಳೆ ಬಣ್ಣದ ಮೂತಿ, ನೆಲದ ಕಡೆಗೆ ಬಾಗಿ. ಅದಕ್ಕೆ ಎರಡು ಮಂಕರಿ ಹೆಚ್ಚು ಹಾಕಿದೆ.

ಸೆಪ್ಟೆಂಬರ್ ೨೩

ಮಳೆ. ರಸ್ತೆ ಕಡೆಗೆ ಆಳುಗಳು ಚೆಲ್ಲಿದ್ದ ಗೊಬ್ಬರವೆಲ್ಲ ರಸ್ತೆಗೇ ಇಳಿದು ಹೋಯಿತು. ಲಾರಿಗಳು ಅದರ ಮೇಲೆ ಓಡಾಡುತ್ತಿವೆ.

ಅಡುಗೆಮನೆ ಕಡೆಯದು ಅಲುಗಲಿಲ್ಲ.

ಅಕ್ಟೋಬರ್ ೮

ಕಾಳು ಬಿತ್ತುವ ಹೊತ್ತು ಬಂದು ಹೋಯಿತು. ಬಾಳೆಗಳ ನಡುವೆ ನಾನೇ ಬಿತ್ತಿದೆ, ಸಾಲು ಸೊಟ್ಟಗಾಯಿತು.

ಹಸು ನಿಲ್ಲುವ ಜಾಗದಿಂದ ಗಂಜಲ ಸುಮ್ಮನೆ ಹೊರಗೆ ಹರಿದು ಹೋಗುತ್ತಿತ್ತು. ದಿಂಡಿನ ಸಿಪ್ಪೆಗಳನ್ನು ಒಂದಕ್ಕೊಂದು ಜೋಡಿಸಿ ಸಣ್ಣ ಕಾಲುವೆ ಮಾಡಿ ಹಳೆಯ ಡ್ರಮ್ಮಿಗೆ ಬೀಳುವಂತೆ ಮಾಡಿದೆ. ನೀರು ಬೆರೆಸಿ ಚೊಂಬಿನಲ್ಲಿ ಬಾಳೆಗೆ ಹಾಕುತ್ತೇನೆ. ಎಲೆಗಳು ಕಪ್ಪಾಗುವಷ್ಟು ಹಸಿರಾಗಿವೆ. ಬಾಗಿಲೆದುರಿನ ಗೊನೆ ಚಿಪ್ಪು ಬಿಚ್ಚುತ್ತಿದೆ. ಇವತ್ತಿಗೆ ಒಂಬತ್ತು ಚಿಪ್ಪು, ಇನ್ನೂ ಒಳಗಿದೆ.

ಈಡಿತ ಫೋನ್ ಮಾಡಿದ್ದಳು.

"ಅಪ್ಪ, ಅಮ್ಮನ ಜೊತೆ ಮಾತಾಡಿದೆ."

"ಏನಂದಳು?"

"ಹಸು ಹೇಗಿದೆ ಅಂತ ನಿನ್ನ ಕೇಳೋಕೆ ಹೇಳಿದಳು."

"ಅಷ್ಟೇನಾ?"

"ಅಷ್ಟೇ. ಅಪ್ಪ, ಹೋಗಿ ಕರ್ಕೊಂಡು ಬಾರಪ್ಪ. ಇಬ್ಬರೂ ಸಣ್ಣ ಮಕ್ಕಳಾ?"

"ಈ ಗೊನೆ ಬಲೀಲಿ," ಎಂದೆ. ಹೇಳಿದ ಮೇಲೆ ನನಗೇ ತಿಳಿಯಿತು, ಹೋಗುವುದೆಂದು ನಿರ್ಧಾರವಾಗಿದೆ. ಯಾವಾಗ ಆಯಿತೋ ಗೊತ್ತಿಲ್ಲ. ಬರಿಗೈಯಲ್ಲಿ ಹೋಗುವುದಲ್ಲ. ಈ ಗೊನೆ ಹೊತ್ತು ಹೋದರೆ ಕಲೋಕೋಲನ ಬಾಯಿ ಮುಚ್ಚುತ್ತದೆ.

ನವೆಂಬರ್ ೨

ಹಾಲು ಕರೆಯಲು ಈಗ ಕಾಂಗಾ ಬೇಕಾಗಿಲ್ಲ. ಹಸು ನನ್ನ ಕೈಗೇ ಬಿಡುತ್ತದೆ. ಆದರೂ ಹೊದ್ದುಕೊಳ್ಳುತ್ತೇನೆ. ಬೆಳಿಗ್ಗೆ ಚಳಿ.

ನವೆಂಬರ್ ೧೬

ಮಿಡತೆಗಳು ಬಂದಿವೆ. ಬೆಳಗಿನ ಜಾವದಿಂದಲೇ ಗುಡ್ಡದ ತುಂಬ ಹೆಂಗಸರು, ಮಕ್ಕಳು, ಕೂಗಾಟ. ಹೆಂಗಸು ಹಿಡಿದು, ರೆಕ್ಕೆ ಕಾಲು ಕಿತ್ತು, ಹುರಿದು, ತನ್ನ ಗಂಡನ ಮುಂದೆ ಇಡುತ್ತಾಳೆ. ಹೆಂಡತಿಯಿಲ್ಲದ ಮನೆಗೆ ಮಿಡತೆಯಿಲ್ಲ. ಹೆಂಡದಂಗಡಿಯವರು ಈ ವಾರ ಜೇಬಿನಲ್ಲಿ ಮಿಡತೆ ಹಾಕಿಕೊಂಡು ತಿನ್ನುತ್ತ ನಡೆಯುತ್ತಾರೆ. ನಾನು ಗುಡ್ಡಕ್ಕೆ ಹೋಗಿದ್ದೆ, ಹುಲ್ಲಿಗೆ. ಯಾರೂ ತಮಾಷೆ ಮಾಡಲಿಲ್ಲ. ಅದು ಇನ್ನೂ ಕಷ್ಟವಾಯಿತು.

ಸಂಜೆ ಬಾಳೆಲೆಯ ಪೊಟ್ಟಣವೊಂದನ್ನು ಮಾ ಪಸ್ಕಾಜಿಯ ತಂದುಕೊಟ್ಟಳು.

"ತಿನ್ನು. ನಾನು ಹುರಿದದ್ದು."

"ನಿನಗೆ ಹಲ್ಲೇ ಇಲ್ಲವಲ್ಲ ಮಾ, ಯಾಕೆ ಹುರಿಯೋಕೆ ಹೋದೆ?"

"ಹಲ್ಲಿಲ್ಲದವರು ಹುರೀಬಾರದು ಅಂತ ಎಲ್ಲಿದೆ? ಬೇಡ ಅಂದ್ರೆ ಕೊಡಿಲ್ಲಿ, ಆಚೆ ದಿಬ್ಬದಿಂದ ಕೈಯಲ್ಲಿ ಹಿಡ್ಕೊಂಡು ಬಂದಿದ್ದೀನಿ."

ಅವಳ ಮನೆ ಬೇಲಿಯಾಚೆ. ದಿಬ್ಬಕ್ಕೆ ಏಕೆ ಹೋಗಿದ್ದಳೋ, ಮುದುಕಿ. ಚೆನ್ನಾಗಿ ಹುರಿದಿತ್ತು. ಉಪ್ಪು ಸ್ವಲ್ಪ ಹೆಚ್ಚು. ನಮ್ಮ ಮನೆಯಲ್ಲೂ ಯಾವಾಗಲೂ ಹೆಚ್ಚೇ.

ನವೆಂಬರ್ ೨೭

ತಮ್ಮ ಬಂದಿದ್ದ. ಇಪ್ಪತ್ತಕ್ಕೆ ಮದುವೆ. ರಸ್ತೆ ಕಡೆಯ ಬಾಳೆಗಳ ನಡುವೆ ಓಡಾಡಿ ಬಂದು ಮುಖ ಸಪ್ಪೆ ಮಾಡಿಕೊಂಡು ಕೂತ. "ಅಣ್ಣ, ಇಷ್ಟೇನಾ? ಇದರಲ್ಲಿ ವಧುವಿನ ಕಡೆಯವರ ಗಂಟಲು ಕೂಡ ಒದ್ದೆ ಆಗಲ್ಲ."

ಇರುವುದನ್ನೆಲ್ಲ ಕಡಿದುಕೊಂಡು ಹೋಗು, ಸಾಲದ್ದಕ್ಕೆ ಬೇರೆ ಕಡೆ ನೋಡು ಎಂದೆ. ಎಲ್ಲರೆದುರು ಕೊಟ್ಟ ಮಾತು ಅದು. ಹೀಗೆ ಹೇಳಲು ಇಷ್ಟು ಸಲೀಸಾಗುತ್ತದೆ ಎಂದು ತಿಳಿದಿರಲಿಲ್ಲ.

ಹೊರಡುವಾಗ ಅಡುಗೆಮನೆ ಕಡೆ ನೋಡಿ ನಿಂತುಬಿಟ್ಟ. "ಇದೇನಣ್ಣ ಇದು! ಗೊನೆಯೋ ಕರುವೋ?"

ಹನ್ನೊಂದು ಚಿಪ್ಪು. ಕಾಯಿಗಳು ಒಂದರ ಮೇಲೊಂದು ಒತ್ತಿಕೊಂಡಿವೆ. ಕೆಳಗೆ ಕವೆಗೋಲು ಕೊಟ್ಟಿದ್ದೇನೆ. ಇನ್ನೊಂದು ವಾರ, ಹೆಚ್ಚೆಂದರೆ ಹತ್ತು ದಿನ. ಹೊತ್ತುಕೊಂಡು ಹೋಗುವ ದಾರಿಯನ್ನೂ ಯೋಚಿಸಿದ್ದೇನೆ. ಸೈಕಲ್ ಬೇಡ. ನಡೆದೇ ಹೋಗುವುದು, ತಲೆಯ ಮೇಲೆ. ಈಗ ರೂಢಿಯಾಗಿದೆ.

ಡಿಸೆಂಬರ್ ೩

ಬಿದ್ದುಹೋಯಿತು.

ಮಧ್ಯಾಹ್ನ ಸರೋವರದ ಕಡೆಯಿಂದ ಗಾಳಿ ಬಂತು, ಅಂಥ ದೊಡ್ಡ ಗಾಳಿಯೂ ಅಲ್ಲ. ಬುಡಸಮೇತ ಒರಗಿತು. ಕಾಯಿ ಒಡೆದು ಸೊನೆ ಸೋರುತ್ತಿತ್ತು. ಬುಡ ನೋಡಿದೆ. ಬೇರುಗಳು ಸುತ್ತಲೂ ಮೊಂಡಾಗಿದ್ದವು, ಯಾರೋ ಕತ್ತರಿಸಿ ಬಿಟ್ಟ ಹಾಗೆ. ಹುಳ ಇರಬೇಕು.

ಬಿದ್ದ ಗೊನೆಯನ್ನು ಹೆಂಡತಿಯ ತವರಿಗೆ ಒಯ್ಯುವ ಹಾಗಿಲ್ಲ. ಅದು ಬೈಗುಳಕ್ಕಿಂತ ಕಡೆ.

ಡಿಸೆಂಬರ್ ೪

ಹಸುವಿಗೆ ಹಾಕಿದೆ. ತಿಂದಿತು.

ಡಿಸೆಂಬರ್ ೭

ಹೋಗಿ ಬಂದೆ. ಯಾಕೆ ಹೋದೆನೋ ತಿಳಿಯದು. ಬೆಳಿಗ್ಗೆ ಹಾಲು ಕರೆದು, ಹುಲ್ಲು ಹಾಕಿ, ಬಾಗಿಲು ಮುಂದೆ ಮಾಡಿ, ಹಾಗೇ ನಡೆಯುತ್ತಾ ಹೋದೆ. ಕೈಯಲ್ಲಿ ಏನೂ ಇರಲಿಲ್ಲ.

ಆಚೆ ದಿಬ್ಬದ ಕಲೋಕೋಲನ ಮನೆಯಲ್ಲಿ ನೆಲಕ್ಕೆ ಹೊಸ ಹುಲ್ಲು ಹಾಸಿದ್ದರು. ಅವರ ದೊಡ್ಡಪ್ಪ ಗೋಡೆಗೆ ಒರಗಿ ಕೂತಿದ್ದ, ಇನ್ನಿಬ್ಬರು ಹಿರಿಯರೂ ಸೇರಿಕೊಂಡರು. ಅಗಿಯಲು ಕಾಫಿ ಹಣ್ಣು ಕೊಟ್ಟರು. ಅದಷ್ಟು ಮರ್ಯಾದೆ ಮಾಡಿದರು.

"ಕೈ ಬೀಸ್ಕೊಂಡು ಬಂದ್ಯಲ್ಲ ಭಾವ," ಎಂದ ಕಲೋಕೋಲ. "ಸಂತೆಗೆ ಬರೋರು ಕೂಡ ಚೀಲ ತರ್ತಾರೆ."

"ಗೊನೆ ಇತ್ತು. ಬಿದ್ದುಹೋಯ್ತು."

"ಬೀಳುತ್ತೆ, ಬೀಳುತ್ತೆ. ನಮ್ಮ ಮನೆಗೆ ಬರಬೇಕಾದ ಗೊನೆಗಳಿಗೇ ಗಾಳಿ ಹುಡುಕ್ಕೊಂಡು ಬರುತ್ತೆ."

ಹಿರಿಯರು ನಕ್ಕರು. ದೊಡ್ಡಪ್ಪ ಕೈಯೆತ್ತಿ, "ತಡಿಯಪ್ಪ. ಹುಡುಗಿ ಯಾಕೆ ಮನೆ ಬಿಟ್ಟು ಬಂದಳು, ಅದು ಮೊದಲು," ಎಂದ. ನಾನು ಬಾಯಿ ತೆರೆಯುವ ಮೊದಲೇ ಒಳಗಿನ ಕೋಣೆಯಿಂದ ಕೆಮಿಲೆಂಬೆಯ ದನಿ ಬಂತು. ನಾಲ್ಕು ತಿಂಗಳ ಮೇಲೆ ಕೇಳುತ್ತಿದ್ದೆ.

"ಯಾವ ಬುಡದ್ದು ಬಿದ್ದದ್ದು?"

"ಬಾಗಿಲೆದುರಿನದು," ಎಂದೆ ಗೋಡೆಗೆ.

"ಯಾವ ಬಾಗಿಲು?"

"ಅಡುಗೆಮನೆಯದು."

ಆಮೇಲೆ, "ಎಷ್ಟು ಚಿಪ್ಪಿತ್ತು?"

"ಹನ್ನೊಂದು."

"ಸುಳ್ಳು. ಆ ಬುಡ ನನ್ನ ಕೈಲಿ ಏಳು ದಾಟಿಲ್ಲ."

"ತಮ್ಮ ನೋಡಿದ್ದಾನೆ. ಮಾ ಪಸ್ಕಾಜಿಯ ನೋಡಿದ್ದಾಳೆ. ಕೇಳು ಬೇಕಾದ್ರೆ."

"ಕವೆಗೋಲು ಕೊಟ್ಟಿರಲಿಲ್ವಾ?"

"ಕೊಟ್ಟಿದ್ದೆ."

"ಒಂದೇ?"

"ಒಂದೇ."

"ಹನ್ನೊಂದು ಚಿಪ್ಪಿಗೆ ಒಂದೇ ಕೋಲು," ಎಂದಳು, ನನಗಲ್ಲ, ಒಳಗಿದ್ದ ಬೇರೆ ಹೆಂಗಸರಿಗೆ. ಅವರು ಚ್‌ಚ್ ಎಂದರು.

"ನಾವಿಲ್ಲಿ ನ್ಯಾಯ ಮಾಡೋಕೆ ಕೂತಿದ್ದೀವೋ, ಬಾಳೆ ವ್ಯಾಪಾರಕ್ಕೋ?" ಎಂದ ಕಲೋಕೋಲ. ದೊಡ್ಡಪ್ಪ ಅವನ ಮಂಡಿ ಮೇಲೆ ಕೈಯಿಟ್ಟು ಸುಮ್ಮನಾಗಿಸಿದ. ಹಣ್ಣು ಅಗಿಯುವುದನ್ನೂ ನಿಲ್ಲಿಸಿ ಕೇಳುತ್ತಿದ್ದ.

"ಗೊಬ್ಬರ ಏನು ಹಾಕಿದ್ರಿ?" ದನಿ ಈಗ ಬಾಗಿಲಿಗೆ ಹತ್ತಿರವಾಗಿತ್ತು.

"ಸಗಣಿ. ಆಮೇಲೆ ಗಂಜಲ, ನೀರು ಬೆರೆಸಿ."

"ಹೇಗೆ ಹಾಕಿದ್ರಿ?"

"ಸುತ್ತ ತೋಡಿ. ಕಾಫಿಗೆ ಹಾಕೋ ಹಾಗೆ."

"ಎಷ್ಟು ಹತ್ತಿರ?"

ಕೈಯಲ್ಲಿ ತೋರಿಸಿದೆ. ಆಮೇಲೆ ಗೋಡೆಯಾಚೆ ಇರುವವಳಿಗೆ ಕಾಣಿಸುವುದಿಲ್ಲ ಎಂದು ನೆನಪಾಗಿ, "ದಿಂಡಿಗೆ ತಾಗಿಸಿ," ಎಂದೆ.

ಒಳಗಿನಿಂದ ಒಂದು ಸದ್ದು ಬಂತು. ನಗುವೋ ಅಳುವೋ ಗೊತ್ತಾಗಲಿಲ್ಲ. ಹಿರಿಯರು ಒಬ್ಬರ ಮುಖ ಒಬ್ಬರು ನೋಡಿದರು.

"ಬೇರನ್ನೆಲ್ಲ ಕಡಿದುಹಾಕಿ, ಗಾಳಿಗೆ ಬಿತ್ತು ಅಂತೀರಿ. ಈಡಿತಳ ಅಪ್ಪ, ಬಾಳೆ ಬೇರು ಮಣ್ಣಿನ ಮೇಲೇ ಓಡಾಡೋದು! ಉಳಿದದ್ದಕ್ಕೂ ಹೀಗೇ ತೋಡಿದ್ದೀರಾ?"

"ಎಲ್ಲಕ್ಕೂ."

"ಎಲ್ಲ ಅಂದ್ರೆ?"

"ಅಡುಗೆಮನೆ ಕಡೆಯ ಎಲ್ಲಕ್ಕೂ."

"ರಸ್ತೆ ಕಡೆಗೆ?"

"ಅದನ್ನ ಮುಟ್ಟಿಲ್ಲ. ದೂರ."

ಒಳಗಿನ ಪ್ರಶ್ನೆ ಮುಗಿಯಿತು. ದೊಡ್ಡಪ್ಪ ಗಂಟಲು ಸರಿಮಾಡಿಕೊಂಡು, ಗಂಡ ಬಂದು ಕೂತದ್ದಾಯಿತು, ಮಾತಾದದ್ದೂ ಆಯಿತು ಎಂದ. ದಂಡ ಒಂದು ದೊಡ್ಡ ಹಂಡೆ ಹೆಂಡ, ಗಂಡನ ತೋಟದ ಬಾಳೆಯದೇ ಆಗಬೇಕು. ಹುಡುಗಿ ಗಂಡನ ಮನೆಗೆ ಬಂದಳು ಎನ್ನಿಸಿಕೊಳ್ಳುವ ದಿನ ಆ ಹೆಂಡ ಕಲೋಕೋಲನ ಅಂಗಳದಲ್ಲಿರಬೇಕು.

ಹೆಂಡದ ಬಾಳೆ ಒಂದು ಗೊನೆಯೂ ಉಳಿದಿಲ್ಲ, ಎಲ್ಲ ಮದುವೆಗೆ ಹೋಯಿತು, ಮುಂದಿನದು ಬರಲು ವರ್ಷ ಬೇಕು ಎಂದೆ.

"ಹಾಗಾದ್ರೆ ಒಂದು ವರ್ಷ," ಎಂದ ಕಲೋಕೋಲ. ಅವನ ದನಿಯಲ್ಲಿ ಹಟವೇನೂ ಇರಲಿಲ್ಲ. ಪದ್ಧತಿ ಹೇಳಿದ, ಅಷ್ಟೇ.

ಅವಳ ಮುಖ ನೋಡದೆ ಬಂದೆ. ಹೊರಡುವಾಗ ಬಾಗಿಲ ಪರದೆಯ ಕೆಳಗೆ ಪಾದಗಳು ಕಂಡವು. ಹಿಮ್ಮಡಿ ಒಡೆದಿದೆ. ಹಚ್ಚಿಕೊಳ್ಳುವ ಎಣ್ಣೆ ಇಲ್ಲೇ ಗೂಡಿನಲ್ಲಿ ಉಳಿದಿದೆ.

ಒಂದು ವರ್ಷ.

ಡಿಸೆಂಬರ್ ೮

ಏನೂ ಇಲ್ಲ.

ಡಿಸೆಂಬರ್ ೧೦

ಬೆಳಿಗ್ಗೆ ಹಾಲು ಕರೆಯುತ್ತಿದ್ದೆ. ಹಸು ತಟ್ಟನೆ ತಲೆಯೆತ್ತಿ ಕಿವಿ ನಿಮಿರಿಸಿತು. ತಿರುಗಿದರೆ ಕೆಮಿಲೆಂಬೆ, ತಲೆಯ ಮೇಲೆ ಕವೆಗೋಲುಗಳ ಹೊರೆ.

"ನನ್ನ ಕಾಂಗಾ," ಎಂದಳು.

ನಾನು ತೆಗೆಯಲು ಹೋದೆ. "ಇರ್ಲಿ, ಕರೆಯೋದು ಮುಗಿಸಿ," ಎಂದು ಹೊರೆ ಇಳಿಸಿದಳು. "ನಾನೇನು ಬಂದಿಲ್ಲ. ಬಾಳೆ ಉಳಿಸೋಕೆ ಬಂದಿದ್ದೀನಿ. ಇನ್ನೊಂದು ಗಾಳಿ ಬಂದ್ರೆ ಒಂದೂ ನಿಲ್ಲಲ್ಲ. ಸಂಜೆ ಹೋಗ್ತೀನಿ."

ಇಡೀ ದಿನ ತೋಟದಲ್ಲಿ. ನಾನು ತುಂಬಿದ್ದ ಪಾತಿಗಳಿಂದ ಸಗಣಿಯನ್ನು ಎಳೆದು ದೂರ ಹರಡಿದಳು, ಬುಡಕ್ಕೆ ಮಣ್ಣು ಕೊಟ್ಟಳು, ಮೇಲೆ ಹುಲ್ಲು ಹಾಸಿದಳು. ನಾನು ಹಿಂದೆ ಹಿಂದೆ ಕೋಲು ನೆಟ್ಟೆ. ಒಂದೊಂದು ಬುಡಕ್ಕೂ ಬೈಗುಳ ಹೊಸದು.

ಬಿದ್ದ ಬಾಳೆಯ ಹತ್ತಿರ ಮಾತ್ರ ಬಹಳ ಹೊತ್ತು ನಿಂತಳು. ದಿಂಡಿನ ಸುತ್ತಳತೆಯನ್ನು ಎರಡೂ ಕೈಯಲ್ಲಿ ಹಿಡಿದು ನೋಡಿದಳು. ಬೆರಳುಗಳು ಸೇರಲಿಲ್ಲ.

"ಹನ್ನೊಂದು ನಿಜವಾಗ್ಲೂ?"

"ನಿಜ."

"ಗಂಜಲ ಎಷ್ಟಕ್ಕೆ ಎಷ್ಟು ನೀರು?"

ಹೇಳಿದೆ. ಕಾಲುವೆ ತೋರಿಸಿದೆ. ಬಗ್ಗಿ ಬಗ್ಗಿ ನೋಡಿದಳು, ಡ್ರಮ್ಮಿಗೆ ಮೂಗು ಹಾಕಿದಳು. ಚೆನ್ನಾಗಿದೆ ಅನ್ನಲಿಲ್ಲ. "ಇಷ್ಟು ವರ್ಷ ಇದೆಲ್ಲ ಸುಮ್ಮನೆ ಹರಿದು ಹೋಯ್ತಲ್ಲ," ಎಂದಳು, ನನ್ನ ಮೇಲೆ ಸಿಟ್ಟಾದವಳಂತೆ.

ಸಂಜೆ ಮಳೆ ಬಂತು. ಮಳೆಯಲ್ಲಿ ದಿಬ್ಬ ಹತ್ತಲಾಗುವುದಿಲ್ಲ.

ಡಿಸೆಂಬರ್ ೧೧

ಕೆಮಿಲೆಂಬೆ ಬಂದಿಲ್ಲ. ಬಾಳೆ ನೋಡಲು ಬಂದವಳು ಇದ್ದಾಳೆ. ಇನ್ನೂ ಅರ್ಧ ತೋಟ ಬಾಕಿ.

ಡಿಸೆಂಬರ್ ೧೪

ತೋಟದ ಕೆಲಸ ಮುಗಿಯಿತು. ನಾನು ಬಿತ್ತಿದ ಕಾಳಿನ ಸಾಲು ನೋಡಿ, "ಇದನ್ನ ಹಾವು ಬಿತ್ತಿತಾ?" ಎಂದಳು. ಕಳೆ ತೆಗೆಯಲು ಎರಡು ದಿನ ಬೇಕಂತೆ.

ಡಿಸೆಂಬರ್ ೧೮

ಹುಲ್ಲಿಗೆ ಇಬ್ಬರೂ ಹೋದೆವು. ನಾನು ಕಟ್ಟಿದ ಹೊರೆಯನ್ನು ಅವಳು ಬಿಚ್ಚಿ ಮತ್ತೆ ಕಟ್ಟಿದಳು. ಸೈಕಲ್ಲಿನವರು ಎದುರಾದರು. ಅವಳಿದ್ದಾಳೆಂದು ಗಂಭೀರವಾಗಿ ನಮಸ್ಕಾರ ಹೇಳಿ ಮುಂದೆ ಹೋದರು. ತಿರುವಿನಾಚೆಯಿಂದ ನಗು ಕೇಳಿತು.

"ಏನಂತ ಕರೀತಾರೆ ನಿಮ್ಮನ್ನ?" ಎಂದಳು.

"ಏನೂ ಇಲ್ಲ."

"ನನಗೆ ಗೊತ್ತು. ಮಾ ಪಸ್ಕಾಜಿಯ ಎಲ್ಲ ಹೇಳಿದ್ದಾಳೆ. ಪ್ರತಿ ವಾರ ಹೇಳಿದ್ದಾಳೆ."

ಮುದುಕಿ ದಿಬ್ಬಕ್ಕೆ ಏಕೆ ಹೋಗುತ್ತಿದ್ದಳೆಂದು ಈಗ ತಿಳಿಯಿತು. ಮಿಡತೆಯ ವಿಷಯ ಕೇಳಬೇಕೆಂದುಕೊಂಡೆ. ಕೇಳಲಿಲ್ಲ. ಹೊರೆ ತಲೆಯ ಮೇಲಿದ್ದರೆ ಮಾತು ಕಷ್ಟ.

ಡಿಸೆಂಬರ್ ೨೨

ಮದುವೆ ಮುಗಿಯಿತು. ಹೆಂಡ ಸಾಲಲಿಲ್ಲ. ಎಲ್ಲರೂ ನೆಂಟರ ಎದುರು ನನ್ನ ಮಾತನ್ನು ನೆನಪಿಸಿದರು. ಹೌದೌದು ಎಂದೆ.

ಬಂದ ಮೇಲೆ ಕೊಟ್ಟಿಗೆಯ ಹಿಂದಿನ ಗುಡ್ಡೆಯ ಮುಂದೆ ನಿಂತು ಕೆಮಿಲೆಂಬೆ, "ಈ ಸಲದ್ದು ಪೂರ್ತಿ ರಸ್ತೆ ಕಡೆಗೆ ಹಾಕಿ," ಎಂದಳು.

"ಯಾಕೆ? ಇಲ್ಲೇ ಬೇಕಲ್ಲ ನಿನಗೆ."

"ದಂಡಕ್ಕೆ ಹೆಂಡ ಬೇಡ್ವಾ? ಸಣಕಲು ಗೊನೆಯ ಹೆಂಡ ಕೊಟ್ರೆ ನಮ್ಮಣ್ಣ ಏನಂತಾನೆ?"

"ಒಂದು ವರ್ಷ ಬೇಕು ಅದಕ್ಕೆ."

"ಬೇಕಾದ್ರೆ ಬೇಕು," ಎಂದು ಮಂಕರಿ ತುಂಬತೊಡಗಿದಳು. "ಹತ್ತಿರ ತೋಡಬೇಡಿ. ಚೆಲ್ಲಿ."

ಚೆಲ್ಲಿದೆವು. ಇಳಿಜಾರಿಗೆ ಅಡ್ಡವಾಗಿ ದಿಂಡುಗಳನ್ನು ಮಲಗಿಸಿದಳು, ಮಳೆಗೆ ಹೋಗದಿರಲೆಂದು. ಕತ್ತಲಾಗುವ ಮೊದಲು ಅರ್ಧ ಮುಗಿಯಿತು.

ಜನವರಿ ೫

ಬಹಳ ದಿನ ಬರೆದಿಲ್ಲ. ಬರೆಯುವಂಥದ್ದು ಏನೂ ನಡೆದಿಲ್ಲ.

ಇಂದು ಕಲೋಕೋಲ ಬಂದ. ಅಂಗಳದಲ್ಲೇ ನಿಂತ. "ಭಾವ, ಅವಳು ಇಲ್ಲಿದ್ದಾಳೆ ಅಂತ ಊರೆಲ್ಲ ಹೇಳ್ತಿದೆ. ನಮ್ಮ ಹೆಂಡ?"

ಒಂದು ನಿಮಿಷ ಎಂದು ಒಳಗೆ ಹೋದೆ. ಅವಳು ಕೂತು ಬಾಳೆಕಾಯಿ ಸುಲಿಯುತ್ತಿದ್ದಳು, ಸಿಪ್ಪೆಯನ್ನು ಹಸುವಿನ ಬುಟ್ಟಿಗೆ ಹಾಕುತ್ತ. ತಲೆಯೆತ್ತಲೂ ಇಲ್ಲ. "ನಾನಿನ್ನೂ ಬಂದಿಲ್ಲ ಅಂತ ಹೇಳಿ," ಎಂದಳು, ಅಂಗಳಕ್ಕೂ ಕೇಳುವಷ್ಟು ಜೋರಾಗಿ.

ಹೊರಗೆ ಬಂದು, "ಅವಳಿನ್ನೂ ಬಂದಿಲ್ಲ," ಎಂದೆ.

ಕಲೋಕೋಲ ಸೂರಿನಿಂದ ಏಳುತ್ತಿದ್ದ ಹೊಗೆ ನೋಡಿದ. "ಒಲೆ ಹಚ್ಚಿದ್ದು ಯಾರು?"

"ನಾನೇ."

ಒಳಗಿನಿಂದ ಕೆಮ್ಮು ಬಂತು.

"ಕೆಮ್ಮಿದ್ದು?"

"ಹಸು."

ಅವನು ಸ್ವಲ್ಪ ಹೊತ್ತು ನನ್ನ ಮುಖವನ್ನೇ ನೋಡಿದ. ಆಮೇಲೆ ಚಪ್ಪಲಿ ಬಿಟ್ಟು ಒಳಗೆ ಬಂದು ಹುಲ್ಲಿನ ಮೇಲೆ ಕೂತ. ಬೆಂದ ಬಾಳೆ, ಕಾಳು ತಂದಿಟ್ಟೆ. ಬಡಿಸಿಕೊಂಡು ತಿಂದ, ಎರಡನೆಯ ಸಲ ಕೇಳಿಯೂ ಹಾಕಿಸಿಕೊಂಡ. ಉಪ್ಪು ಹೆಚ್ಚಾಯಿತು ಎಂದು ಮಾತ್ರ ಹೇಳಿದ, ಅಡುಗೆಮನೆ ಕಡೆಗೆ ತಿರುಗಿ. ಅತ್ತ ಕಡೆಯಿಂದ ಪಾತ್ರೆಯೊಂದು ಸ್ವಲ್ಪ ಜೋರಾಗಿ ಸದ್ದು ಮಾಡಿತು.

ಹೊರಡುವಾಗ ಅಂಗಳದಲ್ಲಿ ನಿಂತು, "ಸರಿ ಭಾವ. ಅವಳು ಬಂದ ದಿನ ಹೇಳಿ ಕಳಿಸು," ಎಂದ.

ನಾನು ಬಾಯಿ ತೆರೆಯುವಷ್ಟರಲ್ಲಿ ಒಳಗಿನಿಂದ ಮಾತು ಬಂತು.

"ಕಳಿಸ್ತಾರೆ, ನೀನು ಹೊರಡಣ್ಣ. ಮಳೆ ಬರುತ್ತೆ."